ಪುಟ ಖಾಲಿ, ತಾರೀಖು ಮಾತ್ರ: ಔಟ್‌ಲೈನ್ ಫೈಲಿಗೆ ಸರಿಯಾದ ಕಂಟೆಂಟ್ ಟೈಪ್ ಹಾಕುವುದು ಹೇಗೆ?

"ಭಾವ, ನೀವು ಕಳಿಸಿದ ಲಿಂಕ್ ಒತ್ತಿದೆ. ಪೇಜ್ ಖಾಲಿ. ಮೇಲ್ಗಡೆ ಒಂದು ತಾರೀಖು ಮಾತ್ರ ಬರ್ತಿದೆ."

ಕೋಲಾರದಿಂದ ನನ್ನ ಹೆಂಡತಿಯ ತಮ್ಮನ ಫೋನು. ನಾನು ತುಮಕೂರಿನ ಮನೆಯಲ್ಲಿ ಅದೇ ಪಟ್ಟಿಯನ್ನು ಔಟ್‌ಲೈನರ್‌ನಲ್ಲಿ, ಅಂದರೆ ಒಂದರೊಳಗೊಂದು ಬಿಚ್ಚಿಕೊಳ್ಳುವ ಪಟ್ಟಿ ಮಾಡುವ ತಂತ್ರಾಂಶದಲ್ಲಿ, ತೆರೆದು ಕೂತಿದ್ದೆ. ನಮ್ಮ ಜಿಲ್ಲೆಯ ಹತ್ತೂ ತಾಲ್ಲೂಕು ಸಾಲಾಗಿ ಕಾಣುತ್ತಿದ್ದವು. ಮಧುಗಿರಿ ಒತ್ತಿದರೆ ಏಕಶಿಲಾ ಬೆಟ್ಟ, ಪಾವಗಡ ಒತ್ತಿದರೆ ಸೋಲಾರ್ ಪಾರ್ಕ್, ತುಮಕೂರು ಒತ್ತಿದರೆ ದೇವರಾಯನದುರ್ಗ, ಅದರೊಳಗೆ ನಾಮದ ಚಿಲುಮೆ. ಮಕ್ಕಳ ರಜೆಯಲ್ಲಿ ಎಲ್ಲೆಲ್ಲಿ ಸುತ್ತೋದು ಅಂತ ಮಾಡಿದ ಪಟ್ಟಿ ಅದು. ಫೈಲ್ ಕೆಟ್ಟಿರಲಿಲ್ಲ. ಅವನ ಫೋನೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಫೈಲಿನ ಜೊತೆ ನನ್ನ ಸರ್ವರ್ ಕಳಿಸಿದ ಒಂದೇ ಒಂದು ಸಾಲು. ಅದರ ಹೆಸರು ಕಂಟೆಂಟ್ ಟೈಪ್.

ಆ ಸಾಲನ್ನು ನೋಡುವುದು, ಸರಿಪಡಿಸುವುದು, ಕನ್ನಡ ಅಕ್ಷರ ಹಾಳಾಗದಂತೆ ಕಾಪಾಡಿಕೊಳ್ಳುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಟೈಪುಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಸರ್ವರಿನಲ್ಲಿ ಇವನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಫೈಲಿನ ಒಳಗೆ ಏನಿದೆ ನೋಡಿ

ಔಟ್‌ಲೈನ್ ದಾಖಲೆಗಳನ್ನು ವೆಬ್ಬಿನಲ್ಲಿ ಹಂಚಲು ಹೆಚ್ಚು ಬಳಕೆಯಲ್ಲಿರುವ ರೂಪ ಓಪಿಎಂಎಲ್. ಪೂರ್ತಿ ಹೆಸರು ಔಟ್‌ಲೈನ್ ಪ್ರೊಸೆಸರ್ ಮಾರ್ಕಪ್ ಲ್ಯಾಂಗ್ವೇಜ್. ಡೇವ್ ವೈನರ್ ಅವರ ಯೂಸರ್‌ಲ್ಯಾಂಡ್ ಕಂಪನಿ ತನ್ನ ರೇಡಿಯೋ ಯೂಸರ್‌ಲ್ಯಾಂಡ್ ತಂತ್ರಾಂಶಕ್ಕಾಗಿ 2000ರಲ್ಲಿ ಇದನ್ನು ಹೊರತಂದಿತು. ಆಮೇಲೆ ಹಲವು ಸೈಟುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಫೀಡ್ ರೀಡರುಗಳು ಇದನ್ನು ಹಿಡಿದುಕೊಂಡವು. ನೀವು ಓದುವ ಸುದ್ದಿ ಫೀಡುಗಳ ಪಟ್ಟಿಯನ್ನು ಒಂದು ಆ್ಯಪಿನಿಂದ ಇನ್ನೊಂದಕ್ಕೆ ಸಾಗಿಸುವಾಗ "ಎಕ್ಸ್‌ಪೋರ್ಟ್" ಒತ್ತಿದರೆ ಸಿಗುವುದು ಇದೇ ಫೈಲು.

ಇದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮೊದಲ ಸಾಲು ಎಕ್ಸ್‌ಎಂಎಲ್ ಘೋಷಣೆ. ಎಕ್ಸ್‌ಎಂಎಲ್ ಅಂದರೆ ಮಾಹಿತಿಯನ್ನು ಟ್ಯಾಗುಗಳಲ್ಲಿ ಬರೆದಿಡುವ ಪದ್ಧತಿ. ಆಮೇಲೆ ಓಪಿಎಂಎಲ್ ಅನ್ನುವ ಹೊರಗಿನ ಟ್ಯಾಗು. ಅದರೊಳಗೆ ಹೆಡ್ ಒಂದು, ಬಾಡಿ ಒಂದು. ಹೆಡ್‌ನಲ್ಲಿ ಶೀರ್ಷಿಕೆ, ತಯಾರಾದ ತಾರೀಖು ಇರುತ್ತವೆ. ಬಾಡಿಯಲ್ಲಿ ಔಟ್‌ಲೈನ್ ಅನ್ನುವ ಟ್ಯಾಗುಗಳು ಒಂದರೊಳಗೊಂದು ಕೂತಿರುತ್ತವೆ.

ಈಗ ಒಂದು ವಿಷಯ ಗಮನಿಸಿ. "ದೇವರಾಯನದುರ್ಗ" ಅನ್ನುವ ಪದ ಟ್ಯಾಗಿನ ಹೊರಗೆ ಇರುವುದಿಲ್ಲ. ಔಟ್‌ಲೈನ್ ಟ್ಯಾಗಿನ ಒಳಗೇ, ಟೆಕ್ಸ್ಟ್ ಅನ್ನುವ ಗುಣವಾಗಿ (ಆ್ಯಟ್ರಿಬ್ಯೂಟ್), ಉದ್ಧರಣ ಚಿಹ್ನೆಗಳ ನಡುವೆ ಇರುತ್ತದೆ. ಖಾಲಿ ಪುಟದ ಗುಟ್ಟು ಇರುವುದು ಇಲ್ಲೇ.

ಚೀಲದ ಮೇಲಿನ ಚೀಟಿ

ಮಂಡಿಗೆ ಚೀಲ ಬಂದಿದೆ, ಮೇಲೆ "ರಾಗಿ" ಅಂತ ಚೀಟಿ ಇದೆ ಅಂದುಕೊಳ್ಳಿ. ಹಮಾಲಿ ಚೀಲ ಬಿಚ್ಚುವುದಿಲ್ಲ. ಚೀಟಿ ನೋಡಿ ರಾಗಿ ಸಾಲಿಗೆ ಒಟ್ಟುತ್ತಾನೆ. ವೆಬ್ಬಿನಲ್ಲೂ ಹಾಗೇ. ಸರ್ವರ್ ಯಾವ ಫೈಲ್ ಕಳಿಸಿದರೂ ಮುಂಚೆ ಕೆಲವು ಸಾಲು ಹೆಡರ್ ಕಳಿಸುತ್ತದೆ. ಅದರಲ್ಲಿ ಕಂಟೆಂಟ್ ಟೈಪ್ ಒಂದು ಚೀಟಿ. ಓರೆಗೆರೆಯ ಎಡಕ್ಕೆ ದೊಡ್ಡ ಜಾತಿ, ಬಲಕ್ಕೆ ಒಳಜಾತಿ: ಟೆಕ್ಸ್ಟ್/ಎಚ್‌ಟಿಎಂಎಲ್, ಇಮೇಜ್/ಪಿಎನ್‌ಜಿ, ಹೀಗೆ. ಈ ಪದ್ಧತಿ ಹುಟ್ಟಿದ್ದು ವೆಬ್ಬಿಗಾಗಿ ಅಲ್ಲ, 1992ರಲ್ಲಿ ಇಮೇಲಿಗಾಗಿ. ಹಾಗಾಗಿ ಇಂದಿಗೂ ಇದನ್ನು ಮೈಮ್ ಟೈಪ್ ಅಂತ ಕರೆಯುವವರಿದ್ದಾರೆ.

ಫೈಲ್ ಹೆಸರಿನ ಕೊನೆಗಿರುವ "ಡಾಟ್ ಓಪಿಎಂಎಲ್" ನೋಡಿ ಬ್ರೌಸರ್ ಎಲ್ಲಾ ತಿಳಿದುಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಆ ಹೆಸರನ್ನು ನೋಡುವುದು ಸರ್ವರು, ಅದನ್ನು ನೋಡಿ ಚೀಟಿ ಬರೆಯುತ್ತದೆ. ಬ್ರೌಸರ್ ಓದುವುದು ಚೀಟಿಯನ್ನು. ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುವ ಹಾಗೆ ಬ್ರೌಸರ್ ಕೂಡ ಕೆಲವೊಮ್ಮೆ ಫೈಲಿನ ಮೊದಲ ಬೈಟುಗಳನ್ನು ನೋಡಿ ಊಹಿಸುತ್ತದೆ. ಇದಕ್ಕೆ ಸ್ನಿಫಿಂಗ್ ಅನ್ನುತ್ತಾರೆ. ಮುಖ್ಯವಾಗಿ ಚೀಟಿ ಇಲ್ಲದಾಗ ಇದು ನಡೆಯುತ್ತದೆ. "ಊಹಿಸಬೇಡ, ಚೀಟಿ ನಂಬು" ಅಂತ ಹೇಳಲು ನೋಸ್ನಿಫ್ ಅನ್ನುವ ಇನ್ನೊಂದು ಹೆಡರೂ ಇದೆ. 2008ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರ ಕಾಲಕ್ಕೆ ಬಂದಿದ್ದು. ಒಟ್ಟಿನಲ್ಲಿ ಸ್ನಿಫಿಂಗ್ ನಂಬಿಕೊಂಡು ಕೂರಬೇಡಿ.

ಚೀಟಿಯನ್ನು ಕಣ್ಣಾರೆ ನೋಡುವುದು

ಏನನ್ನೂ ಬದಲಾಯಿಸುವ ಮುಂಚೆ ಈಗ ಏನು ಹೋಗುತ್ತಿದೆ ನೋಡಿ. ಊಹೆ ಮಾಡಿ ಸರ್ವರ್ ಕೆದಕುವುದು ಬೇಡ.

ಕಂಪ್ಯೂಟರಿನ ಬ್ರೌಸರಿನಲ್ಲಿ ಹೊಸ ಟ್ಯಾಬ್ ತೆರೆದು ಎಫ್12 ಒತ್ತಿ. ನೆಟ್‌ವರ್ಕ್ ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ "ಡಿಸೇಬಲ್ ಕ್ಯಾಶ್" ಅನ್ನುವ ಚೌಕಕ್ಕೆ ಟಿಕ್ ಹಾಕಿ. ಇದನ್ನು ಮರೆಯಬೇಡಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಈಗ ನಿಮ್ಮ ಫೈಲಿನ ವಿಳಾಸ ಹಾಕಿ ಎಂಟರ್ ಒತ್ತಿ. ಪಟ್ಟಿಯಲ್ಲಿ ಫೈಲಿನ ಹೆಸರು ಬರುತ್ತದೆ. ಅದನ್ನು ಒತ್ತಿದರೆ ಹೆಡರ್ಸ್, ಅದರೊಳಗೆ ರೆಸ್ಪಾನ್ಸ್ ಹೆಡರ್ಸ್. ಕಂಟೆಂಟ್ ಟೈಪ್ ಸಾಲು ಅಲ್ಲೇ ಇರುತ್ತದೆ.

ನನಗೆ ಕರ್ಲ್ ಇಷ್ಟ. ಕಮಾಂಡ್ ಬರೆದು ಯಾವುದೇ ವಿಳಾಸದಿಂದ ಫೈಲ್ ತರಿಸುವ ಸಾಧನ ಅದು. ಕಮಾಂಡ್ ಪ್ರಾಂಪ್ಟಿನಲ್ಲಿ ಕರ್ಲ್ ಅಂತ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ಅದಕ್ಕೆ ಅಂಟಿಸಿ ದೊಡ್ಡಕ್ಷರದ ಐ, ಮತ್ತೆ ಜಾಗ ಬಿಟ್ಟು ವಿಳಾಸ. ಅಷ್ಟೇ. ಹೆಡರುಗಳು ಮಾತ್ರ ಬರುತ್ತವೆ. 2018ರ ವಿಂಡೋಸ್ 10 ಆವೃತ್ತಿ 1803ರಿಂದ ಕರ್ಲ್ ವಿಂಡೋಸ್ ಜೊತೆಗೇ ಬರುತ್ತಿದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ವಿಂಡೋಸಿನ ಜೊತೆ ಬರುವ ಹಳೆಯ ಪವರ್‌ಶೆಲ್‌ನಲ್ಲಿ ಮಾತ್ರ ಎಚ್ಚರ. ಅಲ್ಲಿ ಕರ್ಲ್ ಅನ್ನುವುದು ಬೇರೊಂದು ಕಮಾಂಡಿನ ಅಡ್ಡಹೆಸರು. "ಕರ್ಲ್ ಡಾಟ್ ಇಎಕ್ಸ್‌ಇ" ಅಂತ ಪೂರ್ತಿ ಬರೆದರೆ ಸರಿಹೋಗುತ್ತದೆ. ದೊಡ್ಡ ಐ ಹಾಕಿದಾಗ ಹೋಗುವುದು ಹೆಡ್ ಅನ್ನುವ ಬೇಡಿಕೆ. ಕೆಲವು ಸ್ಕ್ರಿಪ್ಟುಗಳು ಅದಕ್ಕೆ ಬೇರೆ ಉತ್ತರ ಕೊಡುತ್ತವೆ. ಅನುಮಾನ ಬಂದರೆ ಸಣ್ಣ ಐ ಹಾಕಿ, ಹೆಡರ್ ಜೊತೆ ಫೈಲೂ ಬರುತ್ತದೆ.

ನನ್ನ ಫೈಲಿಗೆ ಹೀಗೆ ನೋಡಿದಾಗ ಬಂದ ಉತ್ತರ: ಟೆಕ್ಸ್ಟ್/ಎಚ್‌ಟಿಎಂಎಲ್.

ಯಾವ ಚೀಟಿಗೆ ಏನಾಗುತ್ತದೆ?

ನನ್ನ ತಪ್ಪಿನಿಂದಲೇ ಶುರು ಮಾಡೋಣ. ಎಚ್‌ಟಿಎಂಎಲ್ ಅಂತ ಚೀಟಿ ಇದ್ದರೆ ಬ್ರೌಸರ್ ಫೈಲನ್ನು ಮಾಮೂಲಿ ವೆಬ್ ಪುಟ ಅಂತ ಓದುತ್ತದೆ. ಎಕ್ಸ್‌ಎಂಎಲ್ ಘೋಷಣೆ ಕಾಮೆಂಟ್ ಆಗಿಬಿಡುತ್ತದೆ. ಟೈಟಲ್ ಅನ್ನುವ ಟ್ಯಾಗ್ ಅದಕ್ಕೆ ಗೊತ್ತು, ಹಾಗಾಗಿ ಶೀರ್ಷಿಕೆ ಟ್ಯಾಬಿನ ಮೇಲೆ ಬರುತ್ತದೆ, ಪುಟದಲ್ಲಿ ಬರುವುದಿಲ್ಲ. ತಾರೀಖಿನ ಟ್ಯಾಗ್ ಗೊತ್ತಿಲ್ಲ. ಆದರೆ ತಾರೀಖು ಎರಡು ಟ್ಯಾಗುಗಳ ಮಧ್ಯೆ ಬರೆದದ್ದು, ಹಾಗಾಗಿ ಅದನ್ನು ತೋರಿಸುತ್ತದೆ. ಔಟ್‌ಲೈನ್ ಟ್ಯಾಗೂ ಗೊತ್ತಿಲ್ಲ. ಅದರ ಮಧ್ಯೆ ಅಕ್ಷರಗಳೇ ಇಲ್ಲ, ಎಲ್ಲಾ ಗುಣದೊಳಗೆ ಇವೆ. ಗೊತ್ತಿಲ್ಲದ ಟ್ಯಾಗಿನ ಗುಣವನ್ನು ಯಾರು ತೋರಿಸುತ್ತಾರೆ? ಹತ್ತು ತಾಲ್ಲೂಕೂ ಮಾಯ, ತಾರೀಖು ಮಾತ್ರ ಉಳಿಯಿತು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಸಂಜೆಯೇ ಹಿಡಿಯಿತು. ಈಗ ಯಾರಾದರೂ "ಖಾಲಿ ಪುಟ, ತಾರೀಖು ಮಾತ್ರ" ಅಂದರೆ ಸರ್ವರ್ ನೋಡದೇ ಕಾಯಿಲೆ ಹೇಳುತ್ತೇನೆ.

ಟೆಕ್ಸ್ಟ್/ಪ್ಲೇನ್ ಇದ್ದರೆ ಫೈಲ್ ಇದ್ದ ಹಾಗೇ, ಟ್ಯಾಗುಗಳ ಸಮೇತ ಕಾಣುತ್ತದೆ. ಕೋಡ್ ಹಂಚಿಕೊಳ್ಳುವ ಸೈಟು ಗಿಟ್‌ಹಬ್‌ನ "ರಾ" ಲಿಂಕ್ ಕೊಟ್ಟರೆ ಹೀಗೇ ಆಗುವುದು. ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್ ಅಂದರೆ "ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ" ಅಂತ ಸರ್ವರ್ ಕೈ ಎತ್ತಿದ ಹಾಗೆ. ಡೌನ್‌ಲೋಡ್ ಆಗುತ್ತದೆ, ಅಷ್ಟೇ.

ಇನ್ನು ನಿಜವಾದ ಪೈಪೋಟಿ ಇರುವುದು ಎರಡರ ನಡುವೆ.

ಟೆಕ್ಸ್ಟ್/ಎಕ್ಸ್-ಓಪಿಎಂಎಲ್ ಈ ಫೈಲಿನ ಸ್ವಂತ ಹೆಸರು. ನಡುವಿನ "ಎಕ್ಸ್-" ಅಂದರೆ ಅಧಿಕೃತವಾಗಿ ನೋಂದಣಿ ಆಗದೆ ಬಳಕೆಗೆ ಬಂದ ಹೆಸರು ಅಂತ. ಹೊಸ ಹೆಸರುಗಳಿಗೆ ಹೀಗೆ "ಎಕ್ಸ್-" ಅಂಟಿಸಬೇಡಿ ಅಂತ 2012ರಲ್ಲೇ ಆರ್‌ಎಫ್‌ಸಿ 6648 ಹೇಳಿತು (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ). ಹಳೆಯದು ಮಾತ್ರ ಹಾಗೇ ಉಳಿದಿದೆ. ಅಪಾಚೆ ಸರ್ವರಿನ ಜೊತೆ ಬರುವ ಟೈಪುಗಳ ಪಟ್ಟಿಯಲ್ಲೂ ಇದು ಇದೆ. ಈ ಚೀಟಿ ನೋಡಿದರೆ ಇದು ಔಟ್‌ಲೈನ್ ಅಂತ ತಂತ್ರಾಂಶಕ್ಕೆ ಗೊತ್ತಾಗುತ್ತದೆ. ಬ್ರೌಸರಿಗೆ ಗೊತ್ತಾಗುವುದಿಲ್ಲ, ಅದು ಸಾಮಾನ್ಯವಾಗಿ ಡೌನ್‌ಲೋಡ್ ಮಾಡಿ ಕೈತೊಳೆದುಕೊಳ್ಳುತ್ತದೆ.

ಟೆಕ್ಸ್ಟ್/ಎಕ್ಸ್‌ಎಂಎಲ್ ಹಾಕಿದರೆ ಬ್ರೌಸರ್ ಫೈಲನ್ನು ಮರದ ರೂಪದಲ್ಲಿ ತೋರಿಸುತ್ತದೆ. ಕೊಂಬೆ ಒತ್ತಿದರೆ ಮುಚ್ಚುತ್ತದೆ, ಮತ್ತೆ ಒತ್ತಿದರೆ ತೆರೆಯುತ್ತದೆ. ಟ್ಯಾಗುಗಳ ನಡುವೆ ಆದರೂ "ಮಧುಗಿರಿ" ಅಂತ ಕಣ್ಣಿಗೆ ಬೀಳುತ್ತದೆ. ಫೈಲಿನಲ್ಲಿ ಎಕ್ಸ್‌ಎಂಎಲ್ ತಪ್ಪು ಇದ್ದರೆ ಎಷ್ಟನೇ ಸಾಲು ಅಂತಲೂ ಹೇಳುತ್ತದೆ. ಅಪ್ಲಿಕೇಶನ್/ಎಕ್ಸ್‌ಎಂಎಲ್ ಅಂತ ಬರೆದರೂ ಇದೇ ಫಲ. 2014ರ ಆರ್‌ಎಫ್‌ಸಿ 7303 ಪ್ರಕಾರ ಎರಡೂ ಒಂದೇ, ಹೆಸರು ಮಾತ್ರ ಬೇರೆ.

ನಾನು ಯಾವುದನ್ನು ಹಾಕುತ್ತೇನೆ? ಜನ ಲಿಂಕ್ ಒತ್ತಿ ನೋಡುವ ಫೈಲಿಗೆ ಟೆಕ್ಸ್ಟ್/ಎಕ್ಸ್‌ಎಂಎಲ್. "ಇಳಿಸಿಕೊಂಡು ನಿಮ್ಮ ಆ್ಯಪಿಗೆ ಹಾಕಿಕೊಳ್ಳಿ" ಅನ್ನುವ ಫೈಲಿಗೆ ಟೆಕ್ಸ್ಟ್/ಎಕ್ಸ್-ಓಪಿಎಂಎಲ್. ಎರಡಕ್ಕೂ ಒಂದೇ ಇರಲಿ ಅಂದರೆ ಮೊದಲನೆಯದನ್ನೇ ಹಿಡಿಯುತ್ತೇನೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಪುಟದಲ್ಲಿ ಜಾವಾಸ್ಕ್ರಿಪ್ಟ್ ಬರೆದು ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಮೂಲಕ ಫೈಲ್ ತರಿಸಿದರೆ, ಚೀಟಿಯಲ್ಲಿ ಎಕ್ಸ್‌ಎಂಎಲ್ ಜಾತಿ ಇದ್ದಾಗ ಮಾತ್ರ ಅದು ತಾನೇ ಬಿಡಿಸಿಕೊಡುತ್ತದೆ. ಎಕ್ಸ್-ಓಪಿಎಂಎಲ್ ಇದ್ದರೆ ಸಿಗುವುದು ಸೊನ್ನೆ, ನಾವೇ ಅಕ್ಷರಗಳನ್ನು ತೆಗೆದುಕೊಂಡು, ಎಕ್ಸ್‌ಎಂಎಲ್ ಬಿಡಿಸಿಕೊಡುವ ಡಾಮ್‌ಪಾರ್ಸರಿಗೆ ಹಾಕಬೇಕು. ಬೇರೆ ಸೈಟಿನಿಂದ ತರಿಸುವುದಾದರೆ ಟೈಪ್ ಸರಿಯಿದ್ದರೂ ಸಾಲದು. ಆ ಸರ್ವರು ಅನುಮತಿಯ ಹೆಡರನ್ನೂ ಕಳಿಸಬೇಕು. ಅದು ಬೇರೆಯೇ ರಾಮಾಯಣ.

ಚೀಟಿ ಬದಲಾಯಿಸುವುದು

ನನ್ನ ಪಟ್ಟಿ ಪಿಎಚ್‌ಪಿ ಸ್ಕ್ರಿಪ್ಟಿನಿಂದ ತಯಾರಾಗುತ್ತಿತ್ತು. ಬೇರೆ ಏನೂ ಹೇಳದಿದ್ದರೆ ಪಿಎಚ್‌ಪಿ ಹಾಕುವ ಚೀಟಿ ಟೆಕ್ಸ್ಟ್/ಎಚ್‌ಟಿಎಂಎಲ್. ಅಲ್ಲಿಗೆ ಕಳ್ಳ ಸಿಕ್ಕಿದ. ಸ್ಕ್ರಿಪ್ಟಿನ ಶುರುವಿನಲ್ಲೇ ಹೆಡರ್ ಅನ್ನುವ ಫಂಕ್ಷನ್ ಕರೆದು "ಕಂಟೆಂಟ್-ಟೈಪ್: ಟೆಕ್ಸ್ಟ್/ಎಕ್ಸ್‌ಎಂಎಲ್; ಚಾರ್‌ಸೆಟ್=ಯುಟಿಎಫ್-8" ಅಂತ ಕೊಟ್ಟೆ (ಚಾರ್‌ಸೆಟ್ ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಲಿಪಿಸಂಕೇತ, ಯುಟಿಎಫ್-8 ಅದರಲ್ಲಿ ಒಂದು). ಇದು ಒಂದಕ್ಷರ ಹೊರಗೆ ಹೋಗುವ ಮುಂಚೆಯೇ ಆಗಬೇಕು. ಪಿಎಚ್‌ಪಿ ಟ್ಯಾಗಿಗಿಂತ ಮೊದಲು ಒಂದು ಖಾಲಿ ಸಾಲು ಇದ್ದರೂ ಎರಡು ತೊಂದರೆ. ಹೆಡರ್ ಆಗಲೇ ಹೋಯಿತು ಅಂತ ಪಿಎಚ್‌ಪಿ ಗೊಣಗಬಹುದು. ಎಕ್ಸ್‌ಎಂಎಲ್ ಘೋಷಣೆಗೆ ಮೊದಲು ಖಾಲಿ ಜಾಗ ಇರಬಾರದು ಅಂತ ಬ್ರೌಸರೂ ತಗಾದೆ ತೆಗೆಯುತ್ತದೆ.

ಇನ್ನೊಂದು ಮಾತು. ನನ್ನ ವಿಳಾಸ ಡಾಟ್ ಪಿಎಚ್‌ಪಿ ಅಂತ ಮುಗಿಯುತ್ತಿತ್ತು. ಓಪಿಎಂಎಲ್ 2.0ರ ನಿಯಮದ ಪ್ರಕಾರ, ಒಂದು ಔಟ್‌ಲೈನಿನಲ್ಲಿ ಇನ್ನೊಂದರ ಲಿಂಕ್ ಇದ್ದು ಆ ವಿಳಾಸ ಡಾಟ್ ಓಪಿಎಂಎಲ್ ಅಂತ ಮುಗಿದರೆ ಅದು ಅಲ್ಲೇ ಒಳಗೆ ಬಿಚ್ಚಿಕೊಳ್ಳಬೇಕು. ಬೇರೆ ಏನಾದರೂ ಇದ್ದರೆ ಬ್ರೌಸರಿನಲ್ಲಿ ತೆರೆಯುವ ಪುಟ ಅಂತ ಲೆಕ್ಕ. ನೋಡಿ, ಇಲ್ಲಿ ಚೀಟಿಗಿಂತ ಹೆಸರಿಗೇ ಬೆಲೆ! ಹಾಗಾಗಿ ಸ್ಕ್ರಿಪ್ಟಿನಿಂದ ತಯಾರಾದರೂ ವಿಳಾಸದ ಬಾಲದಲ್ಲಿ ಡಾಟ್ ಓಪಿಎಂಎಲ್ ಇರುವಂತೆ ನೋಡಿಕೊಳ್ಳಿ.

ಸುಮ್ನೆ ಫೈಲ್ ಇಟ್ಟಿದ್ದೀರಿ, ಸರ್ವರ್ ಅಪಾಚೆ ಅಂದರೆ ಕೆಲಸ ಸುಲಭ. ಆ ಫೋಲ್ಡರಿನ ಡಾಟ್ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ಒಂದು ಸಾಲು: ಆ್ಯಡ್‌ಟೈಪ್, ಜಾಗ, ಟೆಕ್ಸ್ಟ್/ಎಕ್ಸ್‌ಎಂಎಲ್, ಜಾಗ, ಡಾಟ್ ಓಪಿಎಂಎಲ್. ಅದರ ಕೆಳಗೆ ಇನ್ನೊಂದು: ಆ್ಯಡ್‌ಚಾರ್‌ಸೆಟ್, ಯುಟಿಎಫ್-8, ಡಾಟ್ ಓಪಿಎಂಎಲ್. ಉಳಿಸಿದ ತಕ್ಷಣ ಜಾರಿಗೆ ಬರುತ್ತದೆ.

ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ಸರ್ವರ್ ತಂತ್ರಾಂಶದಲ್ಲಿ ನಾನು ಮುಗ್ಗರಿಸಿದ್ದೇನೆ. ಅದರ ಜೊತೆ ಬರುವ ಪಟ್ಟಿಯಲ್ಲಿ ಓಪಿಎಂಎಲ್ ಇಲ್ಲ, ಹಾಗಾಗಿ ಆಕ್ಟೆಟ್-ಸ್ಟ್ರೀಮ್ ಹೋಗುತ್ತಿತ್ತು. ಇಲ್ಲೇ ತುಮಕೂರಿನಲ್ಲಿ ಪರಿಚಯದವರೊಬ್ಬರ ಅಂಗಡಿಯ ಸೈಟು ಅದು. ಸರ್ವರ್ ಬ್ಲಾಕಿನೊಳಗೆ ಟೈಪ್ಸ್ ಅನ್ನುವ ಪುಟ್ಟ ಬ್ಲಾಕ್ ಬರೆದು ಓಪಿಎಂಎಲ್ ಒಂದನ್ನು ಸೇರಿಸಿದೆ, ರೀಲೋಡ್ ಮಾಡಿದೆ, ಓಪಿಎಂಎಲ್ ಚೆನ್ನಾಗಿ ಬಂತು, ಟೀ ಕುಡಿಯಲು ಹೋದೆ. ಅರ್ಧ ಗಂಟೆಯಲ್ಲಿ ಫೋನು. "ಸಾರ್, ನಮ್ಮ ವೆಬ್‌ಸೈಟ್ ಓಪನ್ ಆಗ್ತಿಲ್ಲ, ಡೌನ್‌ಲೋಡ್ ಆಗ್ತಿದೆ!" ಒಳಗಿನ ಬ್ಲಾಕಿನಲ್ಲಿ ಟೈಪ್ಸ್ ಬರೆದರೆ ಹೊರಗಿನ ಪಟ್ಟಿಗೆ ಸೇರಿಕೊಳ್ಳುವುದಿಲ್ಲ, ಹೊರಗಿನದು ಪೂರ್ತಿ ಬಿದ್ದುಹೋಗುತ್ತದೆ. ಆ ಸೈಟಿಗೆ ಓಪಿಎಂಎಲ್ ಒಂದು ಬಿಟ್ಟು ಉಳಿದದ್ದೆಲ್ಲ ಅಪರಿಚಿತ. ಎಚ್‌ಟಿಎಂಎಲ್ ಕೂಡ! ಹಾಗಾಗಿ ಹೊಸ ಸಾಲನ್ನು ಮೈಮ್ ಡಾಟ್ ಟೈಪ್ಸ್ ಅನ್ನುವ ಮೂಲ ಫೈಲಿನಲ್ಲೇ ಸೇರಿಸಿ: ಟೆಕ್ಸ್ಟ್/ಎಕ್ಸ್‌ಎಂಎಲ್ ಅಂತ ಈಗಾಗಲೇ ಇರುವ ಸಾಲಿನಲ್ಲಿ ಕೊನೆಯ ಅರ್ಧವಿರಾಮದ ಮುಂಚೆ ಓಪಿಎಂಎಲ್ ಅಂತ ಬರೆದರೆ ಸಾಕು. ಸರ್ವರ್ ಬ್ಲಾಕಿನಲ್ಲೇ ಬರೆಯಬೇಕು ಅಂದರೆ ಅಲ್ಲಿ ಮೈಮ್ ಡಾಟ್ ಟೈಪ್ಸನ್ನು ಮತ್ತೊಮ್ಮೆ ಇನ್‌ಕ್ಲೂಡ್ ಮಾಡಿ. ಚಾರ್‌ಸೆಟ್ ಯುಟಿಎಫ್-8 ಅನ್ನುವ ಸಾಲನ್ನೂ ಹಾಕಿ. ಎಂಜಿನ್‌ಎಕ್ಸ್ ಅದನ್ನು ಕೆಲವೇ ಟೈಪುಗಳಿಗೆ ಅನ್ವಯಿಸುತ್ತದೆ. ಅದರಲ್ಲಿ ಟೆಕ್ಸ್ಟ್/ಎಕ್ಸ್‌ಎಂಎಲ್ ಇದೆ, ಎಕ್ಸ್-ಓಪಿಎಂಎಲ್ ಇಲ್ಲ. ಎರಡನೆಯದನ್ನು ಬಳಸುವವರು ಚಾರ್‌ಸೆಟ್ ಟೈಪ್ಸ್ ಅನ್ನುವ ಪಟ್ಟಿಗೂ ಅದನ್ನು ಸೇರಿಸಬೇಕು.

ಕನ್ನಡ ಅಕ್ಷರ ಕೆಟ್ಟರೆ

ಇಂಗ್ಲಿಷ್ ಪಟ್ಟಿ ಮಾಡುವವರು ಚಾರ್‌ಸೆಟ್ ಮರೆತರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. "ತುಮಕೂರು" ಬಿಡಿಸಿ: ತ, ಉಕಾರ, ಮ, ಕ, ಊಕಾರ, ರ, ಉಕಾರ. ಏಳು ಚಿಹ್ನೆ, 21 ಬೈಟು. ಓದುವ ತಂತ್ರಾಂಶ ಇದನ್ನು ಪಶ್ಚಿಮ ಯುರೋಪಿನ ಹಳೆ ಲಿಪಿಸಂಕೇತ ಅಂತ ತಿಳಿದರೆ ಒಂದೊಂದು ಬೈಟಿಗೆ ಒಂದೊಂದು ಅಕ್ಷರ ತೋರಿಸುತ್ತದೆ. ಆಗ ಕಾಣುವುದು ತಲೆಯ ಮೇಲೆ ಓರೆ ಗೀಟು ಇರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಇಲ್ಲವೇ 3, ಆಮೇಲೆ ಏನೋ ಒಂದು ಗುರುತು. ಮತ್ತೆ ಅದೇ. ಮತ್ತೆ ಅದೇ. ವ್ಯಂಜನಗಳಿಗೆ ಸಾಮಾನ್ಯವಾಗಿ 2 ಬರುತ್ತದೆ, ಉಕಾರ ಊಕಾರಗಳಿಗೆ 3. ಈ ಗೀಟಿನ ಎ ಸಾಲುಗಟ್ಟಿ ನಿಂತಿದ್ದರೆ ಖುಷಿಪಡಿ. ಫೈಲಿನಲ್ಲಿ ಕನ್ನಡ ಸರಿಯಾಗೇ ಇದೆ, ಓದುವವರಿಗೆ ತಪ್ಪು ಚಾರ್‌ಸೆಟ್ ಹೋಗಿದೆ ಅಷ್ಟೇ.

ಚಾರ್‌ಸೆಟ್ ಮೂರು ಕಡೆ ಇರಬಹುದು: ಫೈಲಿನ ಶುರುವಿನಲ್ಲಿರುವ ಬಿಓಎಂ ಅನ್ನುವ ಕಾಣದ ಗುರುತು, ಹೆಡರಿನ ಚಾರ್‌ಸೆಟ್, ಎಕ್ಸ್‌ಎಂಎಲ್ ಘೋಷಣೆಯ ಎನ್‌ಕೋಡಿಂಗ್. ಜಗಳ ಬಂದರೆ ಇದೇ ಕ್ರಮದಲ್ಲಿ ಗೆಲ್ಲುತ್ತವೆ ಅಂತ ಆರ್‌ಎಫ್‌ಸಿ 7303 ಹೇಳುತ್ತದೆ. ಅಂದರೆ ಘೋಷಣೆಯಲ್ಲಿ ಯುಟಿಎಫ್-8 ಅಂತ ಬರೆದಿದ್ದರೂ ಹೆಡರಿನಲ್ಲಿ ಬೇರೆ ಹೋದರೆ ಹೆಡರಿನ ಮಾತೇ ನಡೆಯುತ್ತದೆ. ಇದಕ್ಕಿಂತ ಹಿಂದಿನ, 2001ರ ನಿಯಮ ಇನ್ನೂ ವಿಚಿತ್ರವಾಗಿತ್ತು. ಟೆಕ್ಸ್ಟ್/ಎಕ್ಸ್‌ಎಂಎಲ್ ಜೊತೆ ಚಾರ್‌ಸೆಟ್ ಹೇಳದಿದ್ದರೆ, ಘೋಷಣೆ ಏನೇ ಇರಲಿ, ಬರೀ ಇಂಗ್ಲಿಷ್ ಆಸ್ಕಿ ಅಂತ ತಿಳಿಯಬೇಕಿತ್ತು. ಹಳೇ ಲೇಖನಗಳಲ್ಲಿ "ಟೆಕ್ಸ್ಟ್/ಎಕ್ಸ್‌ಎಂಎಲ್ ಬಳಸಬೇಡಿ" ಅನ್ನುವ ಎಚ್ಚರಿಕೆ ಸಿಗುವುದು ಈ ಕಾರಣಕ್ಕೆ. ಹೆಡರಿನಲ್ಲೂ ಘೋಷಣೆಯಲ್ಲೂ ಯುಟಿಎಫ್-8 ಅಂತಲೇ ಬರೆಯಿರಿ, ತಲೆನೋವು ಬೇಡ.

ಎಷ್ಟು ಚೀಟಿ ಬದಲಾಯಿಸಿದರೂ ಸರಿಹೋಗದ ಒಂದು ಸಂದರ್ಭ ಇದೆ. ಪಟ್ಟಿಯನ್ನು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಅಂಥದ್ದನ್ನು ಮೊದಲು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಪರಿವರ್ತನೆ ಆದ ಮೇಲೆ ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ಫೈಲಿನೊಳಗಿನ ಫೀಡ್ ವಿಳಾಸಗಳಲ್ಲಿ ಆಂಪರ್‌ಸ್ಯಾಂಡ್ ಚಿಹ್ನೆ ಇದ್ದರೆ ಅದನ್ನೂ ಎಕ್ಸ್‌ಎಂಎಲ್ ಪದ್ಧತಿಯಲ್ಲಿ, ಅಂದರೆ ಚಿಹ್ನೆ, ಅದರ ಹಿಂದೆಯೇ ಎಎಂಪಿ ಮತ್ತು ಅರ್ಧವಿರಾಮ ಅಂತ, ಬರೆದಿರಬೇಕು. ಎಚ್‌ಟಿಎಂಎಲ್ ಇದನ್ನು ಕ್ಷಮಿಸುತ್ತದೆ. ಎಕ್ಸ್‌ಎಂಎಲ್ ಅಲ್ಲೇ ನಿಂತುಬಿಡುತ್ತದೆ.

ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ?

ನಮ್ಮಲ್ಲಿ ಲಿಂಕಿಗಿಂತ ಫೈಲನ್ನೇ ಕಳಿಸುವುದು ಜಾಸ್ತಿ ಅಲ್ವಾ? ಅಲ್ಲಿ ನಿಮ್ಮ ಸರ್ವರಿನ ಚೀಟಿ ಕೆಲಸಕ್ಕೆ ಬರುವುದಿಲ್ಲ. ಫೋನು ಫೈಲಿನ ಹೆಸರು ನೋಡಿ ತಾನೇ ಒಂದು ಟೈಪ್ ಊಹಿಸುತ್ತದೆ. ಓಪಿಎಂಎಲ್ ಗೊತ್ತಿಲ್ಲದಿದ್ದರೆ ಆಕ್ಟೆಟ್-ಸ್ಟ್ರೀಮ್ ಅಂತ ಇಟ್ಟುಕೊಳ್ಳುತ್ತದೆ. ಫೀಡ್ ಆ್ಯಪಿನಲ್ಲಿ ಇಂಪೋರ್ಟ್ ಒತ್ತಿದಾಗ ಫೈಲ್ ಕಣ್ಣೆದುರೇ ಇದ್ದರೂ ಮಸುಕಾಗಿ, ಒತ್ತಲು ಬಾರದೆ ಕೂತಿದ್ದರೆ ಕಾರಣ ಇದೇ ಇರಬಹುದು. ಆ್ಯಪು ಎಕ್ಸ್‌ಎಂಎಲ್ ಟೈಪ್ ಮಾತ್ರ ಕೇಳುತ್ತಿದೆ. ಫೈಲಿನ ಹೆಸರಿನ ಬಾಲವನ್ನು ಡಾಟ್ ಎಕ್ಸ್‌ಎಂಎಲ್ ಅಂತ ಬದಲಾಯಿಸಿ ಮತ್ತೆ ನೋಡಿ. ನೀವೇ ಅಪ್‌ಲೋಡ್ ಪುಟ ಬರೆಯುವವರಾದರೆ ಬ್ರೌಸರ್ ಕಳಿಸಿದ ಟೈಪನ್ನು ನೋಡಿ ಫೈಲನ್ನು ತಿರಸ್ಕರಿಸಬೇಡಿ. ಬಿಚ್ಚಿ ನೋಡಿ, ಹೊರಗಿನ ಟ್ಯಾಗ್ ಓಪಿಎಂಎಲ್ ಆಗಿದ್ದರೆ ಒಳಗೆ ಬಿಡಿ.

ಎಲ್ಲಾ ಸರಿಮಾಡಿ ನಾನು ಕೋಲಾರಕ್ಕೆ ಫೋನ್ ಮಾಡಿದೆ.

"ಭಾವ, ಈಗ್ಲೂ ಬರೀ ತಾರೀಖು."

ಕರ್ಲ್ ನನಗೆ ಟೆಕ್ಸ್ಟ್/ಎಕ್ಸ್‌ಎಂಎಲ್ ಅಂತಲೇ ತೋರಿಸುತ್ತಿತ್ತು. ಅವನ ಫೋನು ಮಾತ್ರ ಹಿಂದಿನ ಸಲದ ಫೈಲನ್ನು, ಅದರ ಹಳೇ ಚೀಟಿಯ ಸಮೇತ, ಕ್ಯಾಶಿನಲ್ಲಿ, ಅಂದರೆ ಮತ್ತೆ ತರಿಸದೆ ಬಳಸಲು ಎತ್ತಿಡುವ ಜಾಗದಲ್ಲಿ, ಇಟ್ಟುಕೊಂಡಿತ್ತು. ಕಂಪ್ಯೂಟರಾದರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿದರೆ ಹೊಸದಾಗಿ ತರಿಸುತ್ತದೆ. ಫೋನಿನಲ್ಲಿ ಸುಲಭದ ದಾರಿ ಅಂದರೆ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಏನಾದರೂ ಒಂದು ಅಂಕಿ ಸೇರಿಸುವುದು. ಬ್ರೌಸರಿಗೆ ಅದು ಬೇರೆ ವಿಳಾಸ. ಅವನಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ.

"ಹಾಂ, ಬಂತು ಬಂತು. ಮಧುಗಿರಿ ಇದೆ, ಪಾವಗಡ ಇದೆ. ಭಾವ, ಶಿರಾ ಎರಡು ಸಲ ಹಾಕಿದ್ದೀರಲ್ಲ?"